ಹಕಾರ ಬಿಟ್ಟ ಮಾತು

ಹಾಸನ
ಬುಧವಾರ, 12 ನವೆಂಬರ್ 2025

ಪ್ರೀತಿಯ ಯಮುನಾ ಅತ್ತಿಗೆಗೆ,

ಎರಡು ಪೆನ್ನು ಕೈಕೊಟ್ಟ ಮೇಲೆ ಮೂರನೆಯದರಲ್ಲಿ ನಿಮ್ಮ ನಾದಿನಿ ಶೋಭಿತಾ ಮಾಡುವ ನಮಸ್ಕಾರ. ದಯವಿಟ್ಟು ಹರಿದು ಹಾಕಬೇಡಿ. ಅಕ್ಷರ ನೋಡಿ ನಗುವುದಾದರೆ ನಗಿ, ಆದರೆ ಕೊನೆಯವರೆಗೂ ಓದಿ. ದಿನವೆಲ್ಲ ಕೀಬೋರ್ಡ್ ಕುಟ್ಟುವ ಕೈಗೆ ಪೆನ್ನು ಹಿಡಿಯುವುದು ಮರೆತೇ ಹೋಗಿದೆ. ಅರ್ಧ ಪುಟಕ್ಕೇ ಹೆಬ್ಬೆರಳು ನೋಯುತ್ತಿದೆ.

ನಮ್ಮ ಮನೆಯ ಎಲ್ಲರ ನಂಬರನ್ನೂ ನೀವು ಬ್ಲಾಕ್ ಮಾಡಿದ್ದೀರಿ. ತಪ್ಪೆನ್ನುವುದಿಲ್ಲ. ಮೊನ್ನೆ ಆಫೀಸಿನ ಫೋನಿನಿಂದ ಪ್ರಯತ್ನ ಮಾಡಿದೆ. ನಿಮ್ಮ ತಮ್ಮ ರಜನೀಶ ಎತ್ತಿದ. ಇನ್ನೇನಿದ್ದರೂ ಭಾನುವಾರ ನ್ಯಾಯದಲ್ಲೇ ಮಾತು ಎಂದವನೇ ಇಟ್ಟುಬಿಟ್ಟ. ಈ ಭಾನುವಾರ ಕೊಣನೂರಿನಲ್ಲಿ, ನಿಮ್ಮೂರಿನ ಹಿರಿಯರಾದ ಕೆಂಪಣ್ಣನವರ ಮುಂದೆ ಎರಡೂ ಕಡೆಯವರು ಕೂತು ನೀವೂ ನಮ್ಮ ರವೀಶಣ್ಣನೂ ಬೇರೆಯಾಗುವ ಮಾತು ಮುಗಿಸುತ್ತಾರೆ. ನಮ್ಮ ಕಡೆಯಿಂದ ಅಪ್ಪ, ಅಣ್ಣ ಇಬ್ಬರೇ ಬರುವುದೆಂದು ತೀರ್ಮಾನವಾಗಿದೆ. ಹೆಂಗಸರು ಬೇಡವಂತೆ. ಅದಕ್ಕೆ ಮೊದಲು ನಿಮಗೆ ಒಂದು ವಿಷಯ ತಿಳಿಯಲೇಬೇಕು. ಇದನ್ನು ಕೊಣನೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಿಮ್ಮ ಕೈಗೇ ಕೊಡಬೇಕು ಎಂದು ಹೇಳಿ.

ಐಟಿಯಲ್ಲಿರುವವಳು ಬಸ್ಸಿನಲ್ಲಿ ಕಾಗದ ಕಳಿಸುತ್ತಾಳಲ್ಲ ಎನ್ನಬೇಡಿ. ಐಟಿ ಎಂದರೆ ನಮ್ಮ ನೆಂಟರೆಲ್ಲ ಗಾಜಿನ ಕಟ್ಟಡ, ಲಿಫ್ಟು ಎಂದು ಏನೇನೋ ಕಲ್ಪಿಸಿಕೊಂಡಿದ್ದಾರೆ. ನಾನು ಕೂರುವುದು ಹಾಸನದಲ್ಲಿ ಒಂದು ಬೇಕರಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ಎಂಬುದು ನಿಮಗೆ ಗೊತ್ತಲ್ಲ. ಜಿಲ್ಲೆಯ ಅಂಗಡಿ, ಶಾಲೆ, ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಕಾಯಿಲೆ ಬಂದರೆ ನಾವು ಓಡಬೇಕು. ಫೋನ್ ಮಾಡಿದವರೆಲ್ಲ ಹೇಳುವುದು ಒಂದೇ ಮಾತು: ನಾವೇನೂ ಮಾಡಲಿಲ್ಲ ಮೇಡಂ, ಅದು ತಾನಾಗೇ ನಿಂತುಹೋಯಿತು. ಹೋದ ವಾರ ಚನ್ನರಾಯಪಟ್ಟಣದ ಒಂದು ಗೋದಾಮಿಗೆ ಹಾಗೇ ಓಡಿದೆ. ಬಸ್ಸು ಹಿಡಿದು, ಬಿಸಿಲಲ್ಲಿ ನಡೆದು ಹೋಗಿ ನೋಡಿದರೆ ಕಂಪ್ಯೂಟರಿನ ಪ್ಲಗ್ ಕಿತ್ತು ಯಾರೋ ಮೊಬೈಲು ಚಾರ್ಜಿಗೆ ಹಾಕಿದ್ದರು. ಅಲ್ಲಿನ ಮ್ಯಾನೇಜರ್ ಪಂಚಾಕ್ಷರಯ್ಯನವರು ಮುಖ ಸಣ್ಣಗೆ ಮಾಡಿಕೊಂಡು, ರಿಪೋರ್ಟಿನಲ್ಲಿ ಮಾತ್ರ ತಾಂತ್ರಿಕ ದೋಷ ಎಂದೇ ಬರೆಯಮ್ಮ ಎಂದರು. ಬರೆದೆ. ಅವರೇ ಟೀ ತರಿಸಿಕೊಟ್ಟರು.

ಇಂಥವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಅತ್ತಿಗೆ. ಪಾಸ್‌ವರ್ಡ್ ಮರೆತವರ ಮೇಲೂ ಇಲ್ಲ. ಮನುಷ್ಯರಿಗೆ ನೆನಪಿಟ್ಟುಕೊಳ್ಳಲು ಬೇರೆ ಬೇಕಾದಷ್ಟಿರುತ್ತದೆ. ಪ್ರಿಂಟರನ್ನು ಕೂಡ ಕ್ಷಮಿಸಿಬಿಡುತ್ತೇನೆ. ಅವಸರ ಇದ್ದಾಗಲೇ ಕಾಗದ ಸಿಕ್ಕಿಸಿಕೊಂಡು ಕೂರುತ್ತದೆ, ಆದರೆ ಕೆಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳುತ್ತದೆ. ನನಗೆ ಆಗದಿರುವುದು, ನಾವು ಹೇಳಿದ್ದು ಅರ್ಥವಾಗದಿದ್ದರೂ ಅರ್ಥವಾದವರಂತೆ ಬೇರೇನನ್ನೋ ಬರೆದು ಕಳಿಸಿಬಿಡುವ ಬುದ್ಧಿವಂತ ಫೋನು. ಅದಕ್ಕೆ ಅನುಮಾನ ಎನ್ನುವುದೇ ಇಲ್ಲ.

ಹೋದ ಶನಿವಾರ ನಾನು ಹೊಳೆನರಸೀಪುರಕ್ಕೆ, ನಮ್ಮ ಮನೆಗೆ ಹೋಗಿದ್ದೆ. ಅವ್ವನ ಫೋನು ಗುಡ್ ಮಾರ್ನಿಂಗ್ ಚಿತ್ರಗಳಿಂದ ತುಂಬಿ ಆಗಾಗ ನಿಂತುಹೋಗುತ್ತಿತ್ತು. ಸರಿಮಾಡಿ ಕೊಡು ಎಂದು ಬರಹೇಳಿದ್ದಳು. ನಾನು ಗೇಟಿನ ಹತ್ತಿರ ಇಳಿಯುವಾಗ ಇಬ್ಬರು ಆಳುಗಳು ಕುಡುಗೋಲು ಹಿಡಿದು ನಿಂತಿದ್ದರು. ಅವ್ವ ಜಗಲಿಯ ಮೇಲಿಂದ, ನಾನು ಯಾರನ್ನೂ ಕರೆದಿಲ್ಲ ಹೋಗ್ರಪ್ಪ ಎನ್ನುತ್ತಿದ್ದಾಳೆ. ಅವರು, ಡೈರಿಯ ಶಾಂತರಾಜು ಕಳಿಸಿದ್ದು, ಕೂಲಿ ಮಾತಾಡೇ ಬಂದಿದ್ದೀವಿ ಎನ್ನುತ್ತಿದ್ದಾರೆ.

ಆಗಿದ್ದಿಷ್ಟು. ನಮ್ಮ ಹಸುವಿಗೆ ಕೆಚ್ಚಲುಬಾವು ಬಂದು ಹಾಲು ಕಡಿಮೆಯಾಗಿತ್ತು. ಅವ್ವ ಬೆಳಿಗ್ಗೆ ಫೋನಿನ ಮೈಕು ಒತ್ತಿ ಡೈರಿ ಸೆಕ್ರೆಟರಿ ಶಾಂತರಾಜುಗೆ, ಇವತ್ತು ಆಲು ಕಮ್ಮಿ ಕಣಪ್ಪ ಎಂದಿದ್ದಳು. ಫೋನು ಅದನ್ನು "ಇವತ್ತು ಆಳು ಕಮ್ಮಿ ಕಣಪ್ಪ" ಎಂದು ಬರೆದು ಕಳಿಸಿತ್ತು. ರಾಗಿ ಕೊಯ್ಲಿನ ಕಾಲ, ಸೊಸೆಯೂ ಮನೆಯಲ್ಲಿಲ್ಲ, ಪಾಪ ಎಂದು ಆ ಪುಣ್ಯಾತ್ಮ ಇಬ್ಬರನ್ನು ಹುಡುಕಿ ಕಳಿಸಿದ್ದಾನೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವನಿಗೂ ನಗು ಬಂತು. ಬಂದವರಿಗೆ ಊಟ ಹಾಕಿ, ಹೇಗೂ ಬಂದಿದ್ದೀರಿ ಎಂದು ಕೆಳಗಿನ ಹೊಲಕ್ಕೆ ಕಳಿಸಿದಳು.

ಆ ಮೈಕು ಒತ್ತುವುದನ್ನು ಅವ್ವನಿಗೆ ಕಲಿಸಿಕೊಟ್ಟವಳು ನಾನೇ. ಅವಳಿಗೆ ಬರುವುದು ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟು ಅಕ್ಷರ. ಬಾಯಲ್ಲಿ ಹೇಳಿದರೆ ಅದೇ ಬರೆಯುತ್ತದೆ ಎಂದಾಗ ಎಷ್ಟು ಖುಷಿಪಟ್ಟಿದ್ದಳು. ಬರೆದದ್ದನ್ನು ಮತ್ತೆ ಓದಿ ನೋಡುವುದು ಅವಳಿಂದ ಆಗುವ ಮಾತಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇನ್ನೂ ಯಾರ್ಯಾರಿಗೆ ಏನೇನು ಕಳಿಸಿದ್ದೀಯ ನೋಡೋಣ ಎಂದು ನಗುನಗುತ್ತಲೇ ಹಳೆಯದನ್ನೆಲ್ಲ ತೆಗೆದು ನೋಡುತ್ತಾ ಹೋದೆ. ನಿಮ್ಮ ಹೆಸರು ಬಂತು. ನೀವು ಮನೆಬಿಟ್ಟ ದಿನ ಕಳಿಸಿದ್ದು.

"ಓದಬೇಡ ಕಣವ್ವ. ನಾನು ಬರೋಗಂಟ ಓದಬೇಡ. ನೀನು ಓದಿದರೆ ಈ ಮನೆ ಮನೆಯಾಗಿರಲ್ಲ."

ಬಿ.ಎಡ್. ಕೊನೆಯ ಪರೀಕ್ಷೆಗೆ ಕೂತು ಓದುತ್ತಿದ್ದ ಸೊಸೆಗೆ ಅತ್ತೆ ಕಳಿಸುವ ಮಾತೇ ಇದು? ಅವ್ವನ ಮುಂದೆ ಫೋನು ಹಿಡಿದು, ಇದನ್ನು ನೀನು ಹೇಳಿದೆಯಾ ಎಂದು ಜೋರಾಗಿಯೇ ಓದಿದೆ. ಅವಳು ಬೆಪ್ಪಾದಳು. ಆಮೇಲೆ ಒಂದೊಂದಾಗಿ ಬಿಡಿಸಿ ಕೇಳಿದೆ.

ಅವತ್ತು ಅವ್ವ ಇದ್ದದ್ದು ಜಿನನಾಥಪುರದಲ್ಲಿ, ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ. ಇತ್ತ ಮನೆಯಲ್ಲಿ ಅಣ್ಣ ನಿಮ್ಮ ಕೈಯಿಂದ ಪುಸ್ತಕ ಕಿತ್ತು ಮುಚ್ಚಿಟ್ಟು, ಈ ವಯಸ್ಸಿಗೆ ಓದಿ ಯಾರನ್ನು ಉದ್ಧಾರ ಮಾಡಬೇಕು ಎಂದ. ನೀವು ಬ್ಯಾಗು ತೆಗೆದುಕೊಂಡು ಹೊರಟಿರಿ. ಅಣ್ಣ ಹೆದರಿ ಅವ್ವನಿಗೆ ಫೋನ್ ಮಾಡಿದ. ಅವ್ವ ನಿಮಗೆ ಮಾಡಿದಳು, ಲೈನು ಸಿಗಲಿಲ್ಲ. ಬಂದ ನೆಂಟರ ಗದ್ದಲದಲ್ಲೇ ಗೋಡೆಯ ಮೂಲೆಗೆ ನಿಂತು ಮೈಕು ಒತ್ತಿ ಅವಳು ಹೇಳಿದ್ದು ಇದು:

"ಓಗ್‌ಬ್ಯಾಡ ಕಣವ್ವ. ನಾ ಬರಗಂಟ ಓಗ್‌ಬ್ಯಾಡ. ನೀ ಓದ್ರೆ ಈ ಮನೆ ಮನೆಯಾಗಿರಲ್ಲ."

ನೀವೇ ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ, ಅತ್ತಿಗೆ. ನಮ್ಮ ಕಡೆಯ ಬಾಯಲ್ಲಿ ಹೋದರೆ ಎನ್ನುವುದೂ ಓದ್ರೆ, ಓದಿದರೆ ಎನ್ನುವುದೂ ಓದ್ರೆ. ಕೇಳುವ ಮನುಷ್ಯನಾದರೆ ಬ್ಯಾಗು ಹಿಡಿದು ನಿಂತವಳನ್ನು ನೋಡಿ ಯಾವುದೆಂದು ತಿಳಿದುಕೊಳ್ಳುತ್ತಾನೆ. ಫೋನಿಗೆ ಬ್ಯಾಗು ಎಲ್ಲಿ ಕಾಣುತ್ತದೆ? ಅವ್ವನ ಕೈಲಿ ಮತ್ತೆ ಮತ್ತೆ ಹೇಳಿಸಿ ನೋಡಿದೆ. ಹೆಚ್ಚುಕಡಿಮೆ ಪ್ರತಿ ಸಲವೂ ಓದಬೇಡ ಎಂದೇ ಬರೆಯಿತು. ನಾನು ಆಫೀಸಿನ ಕನ್ನಡದಲ್ಲಿ ಹಕಾರ ಒತ್ತಿ ಹೋಗಬೇಡ ಎಂದೆ. ಗಿಳಿಯಂತೆ ಸರಿಯಾಗಿ ಬರೆಯಿತು. ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

ಇಷ್ಟು ದಿನ ಅವಳು ಕೊರಗಿದ್ದು ಏನೆಂದು ಗೊತ್ತೇ? ಹೋಗಬೇಡವ್ವ ಎಂದು ಅಷ್ಟು ಬೇಡಿಕೊಂಡರೂ ನನ್ನ ಮಾತಿಗೆ ಬೆಲೆ ಕೊಡದೆ ಹೋದಳಲ್ಲ ಎಂದು. ಅದಕ್ಕೇ ಕೊಣನೂರಿನ ಕಡೆ ತಲೆ ಹಾಕಲಿಲ್ಲ. ಆದರೂ ಮೆಸೇಜು ಕಳಿಸುವುದನ್ನು ಬಿಡಲಿಲ್ಲ. ಹಸುವಿಗೆ ಹುಷಾರಿಲ್ಲ ಎಂದು, ನಿಮ್ಮ ಗುಲಾಬಿ ಗಿಡ ಮೊಗ್ಗು ಬಿಟ್ಟಿದೆ ಎಂದು. ಮೆಸೇಜಿನ ಕೆಳಗೆ ಒಂದೇ ಟಿಕ್ ಗೀಟು ಬರುತ್ತದಲ್ಲ, ಯಾಕವ್ವ ಎಂದು ನನ್ನನ್ನು ಕೇಳುತ್ತಿದ್ದಳು. ಒಂದೇ ಗೀಟು ದಿನಗಟ್ಟಲೆ ನಿಂತರೆ ಬ್ಲಾಕ್ ಆಗಿರಬೇಕು ಎಂದು ನನಗೆ ಗೊತ್ತು. ಕೊಣನೂರಿನಲ್ಲಿ ಸಿಗ್ನಲ್ ಸರಿಯಿಲ್ಲ ಎಂದು ಹೇಳುತ್ತಾ ಬಂದೆ. ಅವಳು ನಂಬಿದಳು. ಅವಳಿಗೆ ಫೋನಿನ ವಿಷಯದಲ್ಲಿ ನಾನು ಹೇಳಿದ್ದೇ ವೇದ.

ಇನ್ನೊಂದು ಸಂಗತಿ ಇವತ್ತೇ ತಿಳಿಯಿತು. ಈ ಕಾಗದ ಕಳಿಸಬೇಕೆಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನು ವಿಚಾರಿಸಿದೆ. ನಿಮ್ಮೂರಿನವನೇ ಅಂತೆ, ನಿಮ್ಮ ಹೆಸರು ಹೇಳಿದ್ದೇ ತಡ, ಅವನಿಗೆ ನೆನಪಿತ್ತು. ಅವತ್ತು ಹೊಳೆನರಸೀಪುರದಲ್ಲಿ ಬಸ್ಸು ನಿಂತಿದ್ದರೂ ನೀವು ಹತ್ತದೆ ಬೆಂಚಿನ ಮೇಲೇ ಕೂತಿದ್ದಿರಂತೆ. ಅವನು ಬರುತ್ತೀರಾ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದಿರಂತೆ. ಆಮೇಲೆ ಫೋನು ನೋಡಿದಿರಂತೆ, ಎದ್ದು ಬಂದು ಹತ್ತಿದಿರಂತೆ. ಅದನ್ನು ಕೇಳಿ ಆಫೀಸಿಗೆ ಬಂದು ಕೂತವಳಿಗೆ ಇಡೀ ದಿನ ಕೆಲಸ ಹತ್ತಲಿಲ್ಲ. ನೀವು ವಾಪಸ್ಸು ಮನೆಗೆ ಬರುತ್ತಿದ್ದಿರೇನೋ.

ಇದನ್ನೂ ತಾಂತ್ರಿಕ ದೋಷ ಎಂದು ಬರೆದು ಸಹಿ ಹಾಕಬಹುದು. ನನ್ನ ಮನಸ್ಸು ಒಪ್ಪುತ್ತಿಲ್ಲ. ನೀವು ಮನೆಬಿಟ್ಟ ವಾರದಲ್ಲೇ ಅಣ್ಣ ನಿಮ್ಮೂರಿಗೆ ಬಂದಾಗ ರಜನೀಶ ಆ ಮೆಸೇಜನ್ನು ಅವನ ಮುಖಕ್ಕೆ ಹಿಡಿದಿದ್ದನಂತಲ್ಲ. ಅಣ್ಣ ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಅವ್ವನನ್ನು ಒಂದು ಮಾತು ಯಾಕೋ ಕೇಳಲಿಲ್ಲ ನೀನು ಎಂದು ಶನಿವಾರ ನಾನು ಕೂಗಾಡಿದೆ. ಅವ್ವ ಅಂದಿದ್ದರೂ ಅಂದಿರಬಹುದು ಅಂದುಕೊಂಡೆ ಎಂದ. ನಾನು ಯಾವ ಬಾಯಲ್ಲಿ ಬಯ್ಯಲಿ? ಓದಿದ ಕೂಡಲೇ ನಾನೂ ನಂಬಿದೆನಲ್ಲ. ನೀವೂ ನಂಬಿದಿರಿ. ಫೋನು ಬರೆದ ತಪ್ಪನ್ನು ನಾವು ಮೂವರೂ ಒಂದೇ ಏಟಿಗೆ ನಂಬಿದ್ದು ಸುಮ್ಮನೆ ಅಲ್ಲ. ನೀವು ಕಾಲೇಜಿಗೆಂದು ಹಾಸನದ ಬಸ್ಸಿಗೆ ಹೊರಡುವಾಗ ಅವ್ವ ಮುಖ ಗಂಟಿಕ್ಕಿಕೊಂಡು ಪಾತ್ರೆ ಕುಕ್ಕುತ್ತಿದ್ದಳು. ಅಣ್ಣ ನಗೆಯಾಡುತ್ತಿದ್ದ. ರಜೆಗೆ ಬಂದ ನಾನು ಎಲ್ಲವನ್ನೂ ನೋಡಿ, ಇದು ನಿಮ್ಮನಿಮ್ಮ ವಿಷಯ ಎಂದು ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ.

ಬನ್ನಿ ಎಂದು ಈ ಕಾಗದದಲ್ಲಿ ಕರೆಯುತ್ತಿಲ್ಲ. ಹಾಗೆ ಕರೆಯಬೇಕಾದವರು ಬೇರೆ ಇದ್ದಾರೆ. ಅಣ್ಣ ನಿಮ್ಮ ಪುಸ್ತಕ ಕಿತ್ತಿಟ್ಟದ್ದು ಯಾವ ಫೋನೂ ಮಾಡಿದ್ದಲ್ಲ. ಅದಕ್ಕೆ ಅವನೇ ನಿಮ್ಮೆದುರು ತಲೆತಗ್ಗಿಸಿ ಉತ್ತರ ಕೊಡಬೇಕು. ಶನಿವಾರದಿಂದ ಅವನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅವ್ವ ಹೇಳಿದಳು. ಅದನ್ನು ಕೇಳಿ ಕರಗಿಹೋಗಬೇಡಿ. ನಾಲ್ಕು ದಿನ ಹಸಿದಿರಲಿ. ನನ್ನ ಆಸೆ ಇಷ್ಟೇ. ನೀವು ಬೇರೆಯಾಗುವುದೇ ಆದರೂ ಅತ್ತೆ ಓದು ಬಿಡಿಸಿದಳು ಎಂಬ ಕಾರಣಕ್ಕೆ ಆಗುವುದು ಬೇಡ. ಅವಳು ಅಂದದ್ದು ಹೋಗಬೇಡ ಎಂದು. ನೀವಿಲ್ಲದೆ ಆ ಮನೆ ನಿಜವಾಗಿಯೂ ಮನೆಯಾಗಿಲ್ಲ, ಅತ್ತಿಗೆ. ನಾನು ಕಣ್ಣಾರೆ ನೋಡಿ ಬಂದೆ.

ಪರೀಕ್ಷೆ ಮುಂದಿನ ತಿಂಗಳಲ್ಲವೇ? ಯಾವ ತೀರ್ಮಾನ ಮಾಡಿದರೂ ಅದನ್ನು ಮಾತ್ರ ಬಿಡಬೇಡಿ. ಹಾಸನದಲ್ಲಿ ನನ್ನ ರೂಮಿದೆ. ನಾನು ಮಾಡಿದ ಅನ್ನ ಮುದ್ದೆಯಾಗುತ್ತದೆ, ಸಾರು ಪರವಾಗಿಲ್ಲ. ಬೀಗದ ಕೈ ಆಫೀಸಿನ ಕೆಳಗಿನ ಬೇಕರಿಯಲ್ಲಿ ಕೊಟ್ಟಿರುತ್ತೇನೆ. ನೀವು ನಮ್ಮ ಮನೆಯ ಸೊಸೆಯಾಗಿ ಬಂದರೂ ಸರಿ, ಬರೀ ಯಮುನಾ ಆಗಿ ಬಂದರೂ ಸರಿ.

ನಿಮ್ಮ ದಾರಿ ನೋಡುತ್ತಿರುವ,
ಶೋಭಿತಾ

ಮತ್ತೆ: ಸಹಿ ಮಾಡಿದ ಮೇಲೆ, ಇನ್ನು ಅವ್ವನ ಮಾತನ್ನು ಅವಳಿಗೆ ತೋರಿಸದೆ ಕಳಿಸಬಾರದು ಎಂದು ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಕೇಳಿ ಮುಗಿಸಿ ಅವಳು ಹೇಳಿದಳು:

"ಓಗ್‌ಬ್ಯಾಡ ಅಂದಿದ್ದು ದಿಟ ಕಣವ್ವ. ಆದ್ರೆ ಓದ್‌ಬ್ಯಾಡ ಅಂತ್ಲೂವೆ ಒಟ್ಟೆ ಒಳ್ಗೆ ಅಂದ್ಕತಾನೇ ಇದ್ದೆ. ಓದ್ಸಿದ್ ಮಗಳು ಪೋನ್ ಕೆಟ್ರೆ ಬತ್ತಾಳೆ. ಸೊಸೆನೂ ಓದ್ಕಂಡು ಓಗ್ಬುಟ್ರೆ ಅಂತ ಎದ್ರಿಕೆ. ನಾ ಬಾಯ್ ಬಿಡ್ನಿಲ್ಲ, ಆ ಪೋನು ಬಿಡ್ತು."

ಇದನ್ನು ಅತ್ತಿಗೆಗೆ ಹೇಳುವುದು ಬೇಡ, ಮೊದಲು ಭಾನುವಾರ ಕಳೆಯಲಿ ಎಂದೆ. ಅವ್ವ ಒಪ್ಪಲಿಲ್ಲ. ಸುಳ್ಳು ನಂಬಿಸಿ ಕರೆಸಿಕೊಂಡರೆ ಆ ಹುಡುಗಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ, ಇದನ್ನೂ ಸೇರಿಸಿ ಬರಿ ಎಂದಳು. ಭಾನುವಾರ ಯಾರು ಬೇಡವೆಂದರೂ ತಾನೂ ಬರುತ್ತಾಳಂತೆ. ಕೆಂಪಣ್ಣನವರ ಮುಂದೆ, ನಾಲ್ಕು ಜನದ ಎದುರು ನಿಮಗೆ ಒಂದೇ ಒಂದು ಮಾತು ಹೇಳಿ ಕೂರುತ್ತಾಳಂತೆ. ಬರುವುದು ಬಿಡುವುದು ನಿಮ್ಮಿಷ್ಟವಂತೆ.

ಆ ಮಾತು "ಓದು" ಎಂದು. ನನ್ನ ಕಿವಿಯನ್ನೂ ನಂಬದೆ ಅವಳ ಬಾಯಲ್ಲಿ ಇನ್ನೊಂದು ಸಲ ಹೇಳಿಸಿ, ಕೇಳಿಸಿಕೊಂಡು ಬರೆದಿದ್ದೇನೆ.