ಬೇಲಿಗೆ ತೂಗುಹಾಕಿದ ಚೀಲ

ನವೆಂಬರ್ 3, ಸೋಮವಾರ

ಬೆಳಗಿನ ಸಕ್ಕರೆ 168. ಈ ಪುಸ್ತಕದಲ್ಲಿ ದಿನಾ ಸಕ್ಕರೆ ಎಷ್ಟೆಂದು ಬರೆಯಬೇಕು, ಡಾಕ್ಟರ ಅಪ್ಪಣೆ. ಸಕ್ಕರೆಗೆ ಒಂದು ಸಾಲು ಸಾಕು. ಉಳಿದ ಹಾಳೆ ಸುಮ್ಮನೆ ಬಿಡಲೇ? ಹಳ್ಳಿಶಾಲೆಯ ಮೂರೇ ವರ್ಷದ ಅಕ್ಷರ, ತುಕ್ಕು ಹಿಡಿಯದಿರಲಿ.

ಕಸ ಹಾಕಲು ಇಳಿದೆ. ಡಬ್ಬದಲ್ಲಿ ಎರಡು ಇಡೀ ಬ್ರೆಡ್. ಒಂದರ ಕಾಗದವನ್ನೂ ಬಿಚ್ಚಿಲ್ಲ. ಮೂರನೇ ಮಹಡಿಯ ಜೋಡಿಯದೇ. ಇರುವುದು ಇಬ್ಬರು, ತರುವುದು ಮದುವೆಮನೆಗೆ ತಂದಂತೆ. ಎತ್ತಿ, ಮುತ್ತಿಟ್ಟು, ಹಣೆಗೊತ್ತಿಕೊಂಡೆ. ತುರ್ಕಿಯ ನಮ್ಮೂರಲ್ಲಿ ಬ್ರೆಡ್ಡನ್ನು ಕಸಕ್ಕೆ ಹಾಕುವವರಿಲ್ಲ. ಒಣಗಿದ್ದನ್ನೂ ಚೀಲದಲ್ಲಿ ಹೊರಗೆ ತೂಗುಹಾಕುತ್ತೇವೆ, ಬೇಕಾದವರು ಒಯ್ಯಲಿ ಎಂದು. ಜರ್ಮನಿಗೆ ಬಂದ ಮೇಲೂ ಬಿಟ್ಟಿಲ್ಲ. ಇದೇ ಕಟ್ಟಡ, ಇದೇ ಬೇಲಿಯ ಕೊಕ್ಕೆ, ನಲವತ್ತೈದು ವರ್ಷ. ಮೊದಲು ಕೋಳಿ ಸಾಕಿದ್ದ ಮುದುಕನೊಬ್ಬ ಒಯ್ಯುತ್ತಿದ್ದ. ಅವನು ಸತ್ತ. ಚೀಲ ಈಗಲೂ ಖಾಲಿಯಾಗುತ್ತದೆ. ಯಾರದೋ ಕುದುರೆಗೆ ಹೋಗುತ್ತಿರಬೇಕು.

ಇವತ್ತು ಬಾಯಿಬಿಟ್ಟು ಮಾತಾಡಿದ್ದು ಆ ಎರಡು ಬ್ರೆಡ್ಡಿನ ಜೊತೆ ಮಾತ್ರ.

ನವೆಂಬರ್ 5

ಮೊಮ್ಮಗಳು ಸೆವ್ದಾಳ ಫೋನ್. ಸೂಪರ್‌ಮಾರ್ಕೆಟ್ಟಿನ ಬ್ರೆಡ್ ವಿಭಾಗದಲ್ಲಿ ಅವಳ ಕೆಲಸ.

"ಅಜ್ಜಿ, ನಿನ್ನೇನೂ ಮೂರು ಟ್ರಾಲಿ ಬಿಸಾಕಿದ್ವಿ."

"ಅಷ್ಟೊಂದು ಯಾಕೇ ಬೇಯಿಸ್ತೀರಾ?"

"ಅಂಗಡಿ ಮುಚ್ಚೋ ಹೊತ್ತಲ್ಲೂ ಕಪಾಟು ತುಂಬಿರ್ಬೇಕಂತೆ. ಕೊನೇ ಗಿರಾಕಿಗೂ ಹತ್ತು ಥರ ಕಾಣ್ಬೇಕು."

"ಯಾರೇ ಅವನು, ಸುಲ್ತಾನನಾ? ಹತ್ತು ಬಾಯಿ ಇದ್ಯಾ ಅವನಿಗೆ? ಎರಡು ಮನೆಗೆ ತರ್ಬಾರ್ದಾ ನೀನು?"

"ತಂದ್ರೆ ಕಳ್ಳತನ, ಅಜ್ಜಿ."

"ಬಿಸಾಕಿದ್ರೆ?"

"ಅದಕ್ಕೆ ಸಂಬಳ ಕೊಡ್ತಾರೆ."

ಇಬ್ಬರೂ ನಕ್ಕೆವು. ಭಾನುವಾರ ಬರುತ್ತೇನೆ ಎಂದಳು. ಫೋನ್ ಇಟ್ಟಳು.

ನವೆಂಬರ್ 8, ಶನಿವಾರ

ಈ ವಾರ ಮೆಟ್ಟಿಲು ತೊಳೆಯುವ ಸರದಿ ನನ್ನದು. ಅದಕ್ಕೂ ಮೊದಲು ಚೀಲ ತೂಗುಹಾಕಿದೆ. ಎರಡು ವಾರದ ಅಂಚುಗಳು, ಕಲ್ಲಿನಂಥವು. ಕುದುರೆಗೇನು, ಹಲ್ಲಿದೆ.

ಅಡುಗೆಮನೆ ಕಿಟಕಿಯಿಂದ ಕಂಡೆ. ಕೆಳಮನೆಯ ಫ್ರೌ ರೋಡೆ. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಚೀಲ ತೆಗೆದು ಕೋಟಿನೊಳಗೆ ಸೇರಿಸಿಕೊಂಡಳು.

ಫ್ರೌ ರೋಡೆ! ನಾನು ಬರುವ ಮೊದಲಿಂದ ಇಲ್ಲಿರುವವಳು. ಇಷ್ಟು ವರ್ಷವಾದರೂ ಒಬ್ಬರಿಗೊಬ್ಬರು 'ಫ್ರೌ', ಅಂದರೆ ಶ್ರೀಮತಿ, ಎಂದೇ ಕರೆಯುತ್ತೇವೆ. ಯಾವ ಕಸ ಯಾವ ಡಬ್ಬಕ್ಕೆ ಎಂದು ನನಗೆ ಕಿವಿ ಹಿಂಡಿ ಕಲಿಸಿದವಳು. ನಮ್ಮಿಬ್ಬರ ಗಂಡಂದಿರೂ ಒಂದೇ ಉಕ್ಕಿನ ಕಾರ್ಖಾನೆ. ಇಬ್ಬರೂ ಈಗ ಇಲ್ಲ.

ಬಾತುಕೋಳಿಗಿರಬೇಕು ಎಂದುಕೊಂಡೆ. ಆಮೇಲೆ ಬಕೆಟ್ ನೀರು ಚೆಲ್ಲಲು ಅಂಗಳಕ್ಕೆ ಹೋದಾಗ ಅವಳ ಕಿಟಕಿ. ಪರದೆ ಸ್ವಲ್ಪ ಸರಿದಿತ್ತು. ನನ್ನ ಬ್ರೆಡ್ಡಿನ ಅಂಚನ್ನು ಕಾಫಿಗೆ ಅದ್ದಿ ಕಾಯುತ್ತಿದ್ದಳು, ಮೆತ್ತಗಾಗಲೆಂದು. ಸ್ವೆಟರ್ ಮೇಲೆ ಕೋಟು, ಮನೆಯೊಳಗೇ. ಹೀಟರಿಗೂ ಬಾಡಿಗೆಗೂ ಕೊಟ್ಟ ಮೇಲೆ ಅವಳಿಗೇನೂ ಉಳಿಯುತ್ತಿಲ್ಲ... ಮತ್ತೇನಿರಲು ಸಾಧ್ಯ.

ನೀರು ಚೆಲ್ಲದೆ ವಾಪಸು ಬಂದೆ.

ನವೆಂಬರ್ 9

ಸೆವ್ದಾ ಬರಲಿಲ್ಲ. ಒಳ್ಳೆಯದೇ ಆಯಿತು. ಯಾರ ಮುಖವೂ ಬೇಡ.

ಪಕ್ಕದ ಮನೆಯವರು ಹಸಿದಿರುವಾಗ ಹೊಟ್ಟೆ ತುಂಬಿ ಮಲಗುವವನು ನಮ್ಮವನಲ್ಲ — ಇದನ್ನು ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೆ! ನಾನು ಮಾಡಿದ್ದೇನು? ನೆರೆಯವಳಿಗೆ ಕುದುರೆಯ ಮೇವು ಹಾಕಿದೆ. ಎಷ್ಟು ತಿಂಗಳಿಂದಲೋ.

ನವೆಂಬರ್ 12

ಹೊಸ ಬ್ರೆಡ್ ತಂದೆ. ಒಂದು ಮೂಲೆ ಹರಿದೆ, ಉಳಿಕೆಯಂತೆ ಕಾಣಲೆಂದು. ಅರ್ಧ ಚೀಸ್, ಒಂದಿಷ್ಟು ಆಲಿವ್. ಹಳೇ ಪತ್ರಿಕೆಯಲ್ಲಿ ಸುತ್ತಿದೆ. ತೂಗುಹಾಕಿ ಪರದೆಯ ಹಿಂದೆ ನಿಂತೆ, ಕಳ್ಳಿಯಂತೆ.

ಒಂಬತ್ತಕ್ಕೆ ಬಂದಳು. ಒಯ್ದಳು.

ನವೆಂಬರ್ 17

ದಿನವೂ ಒಯ್ಯುತ್ತಿದ್ದಾಳೆ. ನಿನ್ನೆ ಬೇಯಿಸಿದ ಮೊಟ್ಟೆ ಇಟ್ಟಿದ್ದೆ. ಬೆಳಗಾದರೆ ಇವತ್ತೇನಿಡಲಿ ಎಂಬ ಯೋಚನೆ. ಎಷ್ಟು ಕಾಲವಾಗಿತ್ತು, ಇನ್ನೊಬ್ಬರ ಹೊಟ್ಟೆಗೆಂದು ಒಲೆ ಹಚ್ಚಿ.

ಸಕ್ಕರೆ 131. ಡಾಕ್ಟರಿಗೆ ಆಶ್ಚರ್ಯ.

ನವೆಂಬರ್ 20

ಪಾಲಕ್ ತುಂಬಿದ ಬೋರೆಕ್ ಮಾಡಿದೆ. ಪದರ ಪದರ, ಗರಿಗರಿ. ಇದನ್ನು ಪತ್ರಿಕೆಯಲ್ಲಿ ಸುತ್ತಿ ಚಳಿಗೆ ತೂಗುಹಾಕುವುದೇ? ಮನಸ್ಸು ತಡೆಯಲಿಲ್ಲ. ಗುಲಾಬಿಯ ಒಳ್ಳೆ ತಟ್ಟೆಯಲ್ಲಿಟ್ಟು ಬಾಗಿಲು ತಟ್ಟಿದೆ.

"ಇಷ್ಟೊಂದು ಯಾಕ್ರೀ, ಫ್ರೌ ಚೆಟಿನ್?"

"ಒಬ್ಬಳಿಗೆ ಅಂತ ಅಳತೆ ಮಾಡೋಕೆ ನಂಗೆ ಇನ್ನೂ ಬಂದಿಲ್ಲ. ತಗೊಳ್ಳಿ, ಕೈ ಸುಡ್ತಿದೆ."

ತೆಗೆದುಕೊಂಡಳು. ಬೋರೆಕ್ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತ ನಿಂತಳು.

ನವೆಂಬರ್ 24

ಚೀಲ ಹಾಗೇ ಇದೆ. ನಾಲ್ಕು ದಿನ.

ಡಿಸೆಂಬರ್ 1, ಸೋಮವಾರ

ಕಟ್ಟಡ ನೋಡಿಕೊಳ್ಳುವವನು ಚೀಲವನ್ನು ಡಬ್ಬಕ್ಕೆ ಎಸೆದಿದ್ದ. ಇಲಿ ಬರುತ್ತವೆ ಎಂದು ಚೀಟಿ ಬೇರೆ. ಇಲಿಯಾದರೂ ಬರುತ್ತಿತ್ತೇ, ಅವಳೇ ಬರುತ್ತಿಲ್ಲ.

ಹೋಗಿ ತಟ್ಟಿದೆ. ಸರಪಳಿ ತೆಗೆಯದೆ ಬಾಗಿಲು ನಾಲ್ಕು ಬೆರಳು ಸರಿಸಿದಳು. ಕೆನ್ನೆ ಒಳಗೆ ಹೋಗಿದೆ.

"ನಿಮ್ಮ ತಟ್ಟೆ... ಇನ್ನೂ ಸ್ವಲ್ಪ ದಿನ ಬೇಕು ನನಗೆ."

"ತಟ್ಟೆ ಯಾರಿಗ್ರೀ ಬೇಕಾಗಿದೆ?"

"ಖಾಲಿ ಕೊಡಬಾರದು. ನೀವೇ ಹೇಳಿದ್ದು."

ಬಾಗಿಲು ಹಾಕಿದಳು.

ಹೌದು. ನಾನೇ ಹೇಳಿದ್ದೆ. ಬಂದ ಹೊಸತರಲ್ಲಿ ಏನೋ ಕೊಟ್ಟಿದ್ದೆ, ತಟ್ಟೆಯನ್ನು ತೊಳೆದು ಒರೆಸಿ ಖಾಲಿ ತಂದಳು. ಇದೇ ಮೆಟ್ಟಿಲ ಮೇಲೆ, ನಾಲ್ಕು ಜನರೆದುರು, ಹರಕು ಮುರುಕು ಜರ್ಮನ್‌ನಲ್ಲಿ ಬೈದೆ — ಬಂದ ತಟ್ಟೆ ಖಾಲಿ ಕಳಿಸುವ ಮನೆ ಮನೆಯೇ ಅಲ್ಲ ಎಂದು. ಅಂದಿನಿಂದ ಅವಳ ಸೇಬಿನ ಕೇಕ್ ಇಲ್ಲದೆ ನನ್ನ ಒಂದು ತಟ್ಟೆಯೂ ಮೇಲೆ ಹತ್ತಿದ್ದಿಲ್ಲ.

ಚೀಲಕ್ಕೆ ವಾಪಸು ಕೊಡುವ ಹಂಗಿರಲಿಲ್ಲ. ತಟ್ಟೆಗೆ ಇತ್ತು. ಚೀಲವನ್ನು ಯಾರದೋ ಎಂದುಕೊಂಡು ಒಯ್ಯಬಹುದಿತ್ತು; ನಾನೇ ತಟ್ಟೆ ಹಿಡಿದು ಬಂದ ಮೇಲೆ, ಅವಳು ಒಯ್ಯುವುದು ನನಗೆ ಗೊತ್ತೆಂದು ತಿಳಿಯಿತು, ಚೀಲಕ್ಕೂ ಹಂಗು ಬಂತು.

ನನ್ನ ನಾಲಿಗೆಗೆ ಬೆಂಕಿ ಹಾಕ.

ಡಿಸೆಂಬರ್ 3

ಸಕ್ಕರೆ ನೋಡಿಕೊಳ್ಳಲಿಲ್ಲ. ಅವಳ ಕಿಟಕಿಯ ಪರದೆ ಇವತ್ತೂ ಸರಿಯಲಿಲ್ಲ.

ಡಿಸೆಂಬರ್ 5, ಶುಕ್ರವಾರ

ಬೆಳಿಗ್ಗೆ ಅಂಗಡಿಗೆ ಹೋಗಿಬಂದೆ. ಆಮೇಲೆ ಅವಳ ಬಾಗಿಲೆದುರು ನಿಂತು ಗಂಟಲೆತ್ತಿದೆ.

"ಫ್ರೌ ರೋಡೆ! ಎರಡು ಕಿಲೋ ಹಿಟ್ಟು, ಒಂದು ಬುಟ್ಟಿ ಸೇಬು. ಡಬ್ಬಕ್ಕೆ ಹಾಕೋಕೆ ಹೊರಟಿದೀನಿ. ಯಾವ ಡಬ್ಬಕ್ಕೆ, ಕಂದು ಬಣ್ಣದ್ದಕ್ಕಾ?"

ಒಳಗೆ ಕುರ್ಚಿ ಸರಿಯಿತು. ಆಮೇಲೆ—

"ಏನಂದ್ರಿ?"

"ಸಕ್ಕರೆ ಕಾಯಿಲೆಯವಳು ನಾನು. ಇದನ್ನೆಲ್ಲ ಇಟ್ಕೊಂಡು ಏನ್ ಮಾಡ್ಲಿ?"

ಸರಪಳಿ ಬಿತ್ತು. ಬಾಗಿಲು ಪೂರ್ತಿ ತೆರೆಯಿತು.

"ಸೇಬು ಕಸಕ್ಕಾ? ನೀವಾ? ಯುದ್ಧ ಮುಗಿದ ಚಳಿಗಾಲದಲ್ಲಿ ನಮ್ಮಮ್ಮ ಸೇಬಿನ ಸಿಪ್ಪೆಗೋಸ್ಕರ ಎರಡು ಊರು ನಡೆದಿದ್ದಳು, ಗೊತ್ತಾ? ನಾಚಿಕೆ ಆಗಲ್ವಾ ನಿಮಗೆ?"

"ಆಗತ್ತೆ. ಆದ್ರೆ ಕೇಕ್ ಮಾಡೋಕೆ ನಂಗೆ ಬರಲ್ಲವಲ್ಲ. ನಿಮಗೆ ಬರತ್ತೆ. ನನ್ನ ಓವನ್ ಸುಮ್ನೆ ಕೂತಿದೆ."

ಬೈದಳು. ಇನ್ನೂ ಬೈದಳು. ತಲೆ ತಗ್ಗಿಸಿ ಬೈಸಿಕೊಂಡೆ — ಎಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು. ಕೊನೆಗೆ,

"ದಾಲ್ಚಿನ್ನಿ ಇದ್ಯಾ?"

"ಇದೆ."

"ನಾಳೆ ನಾಲ್ಕಕ್ಕೆ. ಅಲ್ಲಿವರೆಗೆ ಒಂದು ಸೇಬೂ ಮುಟ್ಟಬೇಡಿ."

ಧಡಾರನೆ ಹಾಕಿದಳು. ಅನ್ನವನ್ನು ಎಸೆಯುತ್ತೇನೆ ಎಂಬ ಮಾತು ಬಾಯಲ್ಲಿ ಬಂತಲ್ಲ. ಸುಳ್ಳೇ ಆದರೂ ತುಟಿ ಇನ್ನೂ ಉರಿಯುತ್ತಿದೆ. ದೇವರ ಮುಂದೆ ಅದಕ್ಕೆ ನಾನೇ ಉತ್ತರ ಹೇಳುತ್ತೇನೆ.

ಡಿಸೆಂಬರ್ 6, ಸಂಜೆ ನಾಲ್ಕು ಹತ್ತು

ಓವನ್ ಬಿಸಿಯಾಗಿದೆ. ಬಾಗಿಲು ಓರೆ ಮಾಡಿದ್ದೇನೆ. ಒಲೆಯ ಮೇಲೆ ಬೇಳೆ ಸೂಪು ಕುದಿಯುತ್ತಿದೆ. ಕೇಕ್ ಬೇಯುವವರೆಗೆ ಬಾಯಿ ಒಣಗಬಾರದು ಎಂದರೆ ಸಾಕು, ಕುಡಿಯುತ್ತಾಳೆ. ಕುಡಿಯದಿದ್ದರೆ ಚೆಲ್ಲುತ್ತೇನೆ ಎನ್ನುತ್ತೇನೆ.

ಬರಲಿಲ್ಲ.

ನಾಲ್ಕು ಇಪ್ಪತ್ತು. ಕೆಳಗೆ ಬಾಗಿಲ ಸದ್ದು. ಹೆಜ್ಜೆ. ಒಂದನೇ ಮಹಡಿಯಲ್ಲಿ ನಿಂತಿತು. ಸುಧಾರಿಸಿಕೊಳ್ಳುತ್ತಿದ್ದಾಳೋ, ಮನಸ್ಸು ಬದಲಾಯಿಸುತ್ತಿದ್ದಾಳೋ. ಇಣುಕಬಾರದು. ಇಣುಕಿದರೆ ಮೆಟ್ಟಿಲ ಬಲ್ಬು ನೋಡಲು ಬಂದೆ ಎಂದು ತಿರುಗಿಬಿಡುತ್ತಾಳೆ. ಪೆನ್ನು ಹಿಡಿದು ಕೂತಿದ್ದೇನೆ, ಕಾಲು ಓಡದಿರಲೆಂದು.

ಮತ್ತೆ ಹೆಜ್ಜೆ. ಮೇಲಕ್ಕೇ.

ತಟ್ಟೆ ಗೋಡೆಗೆ ತಗುಲಿದ ಸದ್ದು. ಖಾಲಿ ತಟ್ಟೆಯ ಸದ್ದು ನನಗೆ ಗೊತ್ತಾಗದೇ? ಖಾಲಿಯೇ ಹಿಡಿದು ಬರುತ್ತಿದ್ದಾಳೆ, ಎಲ್ಲರೂ ನೋಡಬಹುದಾದ ಮೆಟ್ಟಿಲಲ್ಲಿ, ಎರಡೂ ಕೈಯಲ್ಲಿ...

ಬಂದಳು, ಇನ್ನು ಪೆನ್ನು ಇಡುತ್ತೇನೆ.