ಸೇತುವೆಯ ಮೇಲಿನ ಅಡಚಣೆ

ಗುರುವಾರ, ಸಂಜೆ

ಬಸ್ ಡ್ರೈವರ್ ಸಾಹೇಬರಿಗೆ, ಅರ್ಥಾತ್ ನನ್ನ ಗಂಡನಿಗೆ,

ಎದುರು ನಿಂತು ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ, ಊಟ ಆರುತ್ತದೆ, ಮಗಳು ರೇಡಿಯೋ ಜೋರು ಮಾಡುತ್ತಾಳೆ. ಅದಕ್ಕೇ ಈ ಕಾಗದ ನಿಮ್ಮ ಖಾಕಿ ಅಂಗಿಯ ಜೇಬಿನಲ್ಲಿದೆ. ನಾಳೆ ಸಭೆಗೆ ಹೋಗುವ ಮೊದಲು ಓದಿ.

ಸೇತುವೆಯ ಅಂಚನ್ನು ಸೈಕಲ್ಲಿಗೆ ಬಿಟ್ಟುಕೊಡಬೇಕೋ, ಇಲ್ಲಾ ಸೈಕಲ್ಲಿನವರಾದ ನಾವು ಸೇತುವೆಯನ್ನೇ ಹತ್ತದಂತೆ ಮಾಡಬೇಕೋ ಎಂದು ನಗರಸಭೆಯವರು ನಾಳೆ ತೀರ್ಮಾನಿಸುತ್ತಾರೆ. ತಡೆದರೆ ನನ್ನ ಕೆಲಸ ಹೋದಂತೆಯೇ. ಬಸ್ಸಿನಲ್ಲಿ ಬಾ ಎನ್ನಬೇಡಿ. ನಮ್ಮ ಅಂಗಡಿಯಲ್ಲಿ ರಿಪೇರಿಯಾದ ಕನ್ನಡಕಗಳನ್ನು ಸೈಕಲ್ಲಿನಲ್ಲಿ ಹೊಳೆಯಾಚೆ ಮನೆಮನೆಗೆ ಮುಟ್ಟಿಸುವವಳು ನಾನು. ನಿಮ್ಮ ಬಸ್ಸು ಓಣಿಯೊಳಗೆಲ್ಲ ಬರುತ್ತದೆಯೇ? ಇಷ್ಟೆಲ್ಲ ಗೊತ್ತಿದ್ದೂ ಸೈಕಲ್ ಬೇಡವೆನ್ನುವ ಡ್ರೈವರುಗಳ ಸಂಘದ ಪರವಾಗಿ ಮಾತಾಡಲು ಒಪ್ಪಿಕೊಂಡಿರಲ್ಲ!

ನಿಮ್ಮ ಸಂಘದ ಅಧ್ಯಕ್ಷರು ಸೈಕಲ್ಲುಗಳು ಕಣ್ಣಿಗೇ ಬೀಳುವುದಿಲ್ಲ ಎಂದರಂತೆ. ಅಂಗಡಿಗೆ ಕರೆತನ್ನಿ, ಕಣ್ಣು ಪರೀಕ್ಷೆ ಮಾಡಿಸುತ್ತೇನೆ. ಅವರ ಅರ್ಜಿಯಲ್ಲಿ ಇರುವ ಒಂದೇ ಸಾಕ್ಷಿ ನಿಮ್ಮ ಬಸ್ಸು: ಸೈಕಲ್ ಅಡ್ಡವಿದ್ದು ದಿನಾ ಬೆಳಿಗ್ಗೆ ತಡ. ಓದಿ ಮೈ ಉರಿಯಿತು. ನನ್ನ ಹಿಂದೆಯೂ ದಿನಾ ಒಂದು ಬಸ್ಸು ಗುರುಗುಟ್ಟುತ್ತದೆ. ಅಂಚಿಗೇ ಅಂಟಿಕೊಂಡು, ಮುಂದೆ ಹೋಗಿ ಎಂದು ಕೈ ಬೀಸುತ್ತೇನೆ. ಹೋಗುವುದಿಲ್ಲ. ತಿರುಗಿ ನೋಡಿದರೆ ಹ್ಯಾಂಡಲ್ ಅಲ್ಲಾಡುತ್ತದೆ, ಸೇತುವೆ ಇಳಿದೊಡನೆ ನನ್ನದು ಬೇರೆ ದಾರಿ; ಹಾಗಾಗಿ ಡ್ರೈವರ್ ಮುಖ ಕಂಡದ್ದೇ ಇಲ್ಲ. ಯಾವ ಮಂಕು ಡ್ರೈವರಪ್ಪ ಇವನು ಎಂದು ಬೈದುಕೊಳ್ಳುತ್ತಿದ್ದೆ.

ಇವತ್ತು ನಿಮ್ಮ ಕಂಡಕ್ಟರ್ ಕನ್ನಡಕದ ಕಡ್ಡಿ ಮುರಿದುಕೊಂಡು ಅಂಗಡಿಗೆ ಬಂದಿದ್ದರು. ಅಕ್ಕಾ, ನಿಮ್ಮ ಯಜಮಾನ್ರು ದಿನಾ ನಿಮ್ಮ ಹಿಂದೇನೇ ನಿಧಾನಕ್ಕೆ ಬಸ್ ಬಿಡ್ತಾರೆ, ಬೇರೆ ಗಾಡಿಗಳನ್ನ ನಿಮ್ಮ ಹತ್ರಾನೇ ಬಿಡಲ್ಲ, ಜನ ಬೈದ್ರೂ ಕಿವಿಗೆ ಹಾಕ್ಕೊಳಲ್ಲ ಅಂತ ಹಲ್ಲು ಕಿರಿದರು. ಅಂದರೆ ತಡ ಮಾಡಿದ್ದು ಸೈಕಲ್ಲಲ್ಲ, ನೀವು! ಡಿಪೋದಲ್ಲಿ ಕಾರಣ ಕೇಳಿದಾಗ ಹೆಂಡತಿ ಎನ್ನಲು ನಾಚಿಕೆಯಾಗಿ ಸೈಕಲ್ ಎಂದಿರಿ, ಅದೇ ಅರ್ಜಿಗೆ ಸಾಕ್ಷಿಯಾಯಿತು. ಕಾಯುವ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನನ್ನನ್ನು ಸೇತುವೆಯಿಂದಲೇ ಇಳಿಸಿಬಿಟ್ಟರೆ ನೆಮ್ಮದಿ ಎಂದುಕೊಂಡಿರಾ?

ನಗಬೇಕೋ, ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಅವರ ಕಡ್ಡಿಯನ್ನು ತಲೆಕೆಳಗಾಗಿ ಕೂರಿಸಿದೆ. ನಿಮಗೆ ನನ್ನ ಮೇಲೆ ಪ್ರೀತಿಯಿದೆ, ಸಂತೋಷ. ಆದರೆ ನನ್ನ ಜೊತೆ ಸೈಕಲ್ ತುಳಿಯುವ ಹಾಲಿನವರಿಗೆ, ದರ್ಜಿಗೆ, ಶಾಲೆಯ ಹುಡುಗಿಯರಿಗೆ ಹಿಂದೆ ಬಸ್ಸು ಬಿಡುವವರು ಯಾರಿದ್ದಾರೆ? ನಾಳೆ ಎದ್ದು ನಿಂತು ನಿಜ ಹೇಳಿ. ನಕ್ಕರೆ ನಗಲಿ. ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ, ಆಗ ಇನ್ನೂ ಜೋರಾಗಿ ನಗುತ್ತಾರೆ.

ಇಂತಿ,
ನಿಮ್ಮ ಅಡಚಣೆ

ತಾ.ಕ.: ಮೊನ್ನೆ ಮಂಗಳವಾರ ನಿಮಗೆ ರಜೆಯಿತ್ತು. ನನ್ನ ಹಿಂದೆ ಯಾವ ಬಸ್ಸೂ ನಿಧಾನಿಸಲಿಲ್ಲ. ಒಂದು ಲಾರಿ ತೋಳು ಸವರಿಕೊಂಡೇ ಹೋಯಿತು. ಇಳಿದು, ಸೈಕಲ್ ತಳ್ಳಿಕೊಂಡು ಸೇತುವೆ ದಾಟಿದೆ. ಕೆಲಸ ಬಿಡಿಸಿಬಿಡುತ್ತೀರಿ ಎಂದು ಹೆದರಿ ನಿಮಗೆ ಹೇಳಿರಲಿಲ್ಲ. ನಿಮಗೆ ರಜೆಯಿದ್ದ ದಿನವೂ ನನಗೊಂದು ದಾರಿ ಬೇಕು.