ಮಗಳು ಮೂಡದ ಚಿತ್ರ

ಮಾರ್ಚ್ ೧೧, ಮಂಗಳವಾರ

ಆ ಫೋಟೊ ಕಣ್ಮುಂದಿನಿಂದ ಹೋಗುತ್ತಲೇ ಇಲ್ಲ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ನದಿ ದಂಡೆಗೆ ಹೋಗಿದ್ದೆ. ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು, ಶಟರ್ ಎಂಟು ಸೆಕೆಂಡು ತೆರೆದಿರುವಂತೆ ಮಾಡಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ನಾನೇನೋ ಉಸಿರು ಬಿಗಿಹಿಡಿದು ಕೂತೆ, ಅವಳು ಕೂರಬೇಕಲ್ಲ! ಚಿತ್ರದಲ್ಲಿ ನಾನು ಸ್ಪಷ್ಟವಾಗಿದ್ದೇನೆ. ಅವಳಿರಬೇಕಾದ ಜಾಗದಲ್ಲಿ ಒಂದಿಷ್ಟು ಹೊಗೆ.

ಬೇರೆ ಊರಲ್ಲಿ ಕೆಲಸಕ್ಕಿರುವ ಇವರಿಗೆ ಕಳಿಸಿದೆ. "ಅಲುಗಾಡಿದ್ದಾಳೆ ಕಣೇ, ಅಷ್ಟೇ. ನಿನ್ನ ಮಗಳಲ್ವಾ, ಸುಮ್ನೆ ಕೂರ್ತಾಳಾ?" ಅಂತ ನಕ್ಕರು. ಅಷ್ಟೇ ಅಂತ ನನಗೂ ಗೊತ್ತು. ಆದರೂ ನಾಲ್ಕು ಸಲ ಎದ್ದು, ಮಲಗಿರುವ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ.

ಅಳಿಸಿಬಿಡೋಣ ಅಂದರೆ, ನಾವಿಬ್ಬರೂ ಒಟ್ಟಿಗಿರುವ ಫೋಟೊ ಇದೊಂದೇ. ನಮ್ಮಿಬ್ಬರನ್ನು ನಿಲ್ಲಿಸಿ ತೆಗೆಯೋಕೆ ಇಲ್ಲಿ ಯಾರಿದ್ದಾರೆ?